ಟೊಯೋಟಾ ಎಟಿಎಫ್ ಡಬ್ಲ್ಯೂಎಸ್: ಕ್ರಿಸ್ಟಾಗೆ ಸರಿಯಾದ ಎಣ್ಣೆ, ಸವೆದ ಕ್ಲಚ್ಚಿಗೆ ಮದ್ದಲ್ಲ

ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಓಡಾಡುವ ಆಟೋಮ್ಯಾಟಿಕ್ ಇನೋವಾ ಕ್ರಿಸ್ಟಾಗಳಿಗೆ ಕಂಪನಿ ಹೇಳುವ ಗೇರ್‌ಬಾಕ್ಸ್ ಎಣ್ಣೆ (ಎಟಿಎಫ್) ಇದು. ತೀರಾ ತೆಳು: 100 ಡಿಗ್ರಿಯಲ್ಲಿ ಸುಮಾರು 5.5 ಸೆಂಟಿಸ್ಟೋಕ್ (ಎಣ್ಣೆಯ ದಪ್ಪ ಅಳೆಯುವ ಮಾನ). ಹಳೆಯ ಕಾಲದ ಗೇರ್‌ಬಾಕ್ಸ್ ಎಣ್ಣೆ ಡೆಕ್ಸ್‌ರಾನ್ 3 ಏಳರ ಆಸುಪಾಸು. ಎರಡೂ ಕೆಂಪಗೇ ಇರುವುದರಿಂದ ಬಣ್ಣ ನೋಡಿ ಸುರಿದವರು ಮೋಸ ಹೋಗುತ್ತಾರೆ. ದಪ್ಪ ಎಣ್ಣೆ ಹಾಕಿದರೆ ಗೇರ್ ಬೀಳುವ ಸಮಯವೂ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕಚ್ಚಿಸುವ ಕ್ಲಚ್) ಹಿಡಿಯುವ ರೀತಿಯೂ ಬದಲಾಗಿ, ಗಾಡಿ ಜರ್ಕ್ ಹೊಡೆಯುತ್ತದೆ.

ಡಬ್ಬಿ ತರುವ ಮೊದಲು ರೋಗ ಗುರುತಿಸಿ. 50-60ರ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಸಣ್ಣ ಹಂಪುಗಳ ಮೇಲೆ ಹೋದಂತೆ ನಡುಕ ಬಂತೆನ್ನಿ. ಆಕ್ಸಿಲರೇಟರ್ ಬಿಡದೆ ಎಡಗಾಲಿಂದ ಬ್ರೇಕ್ ಪೆಡಲನ್ನು ಸುಮ್ಮನೆ ಮುಟ್ಟಿ. ಹಿಂದೆ ಗಾಡಿ ಇಲ್ಲದಾಗ ಮಾತ್ರ. ಲಾಕಪ್ ಬಿಡುತ್ತದೆ. ನಡುಕ ತಕ್ಷಣ ನಿಂತರೆ ಅನುಮಾನ ಲಾಕಪ್ ಕ್ಲಚ್ ಮೇಲೆ. ಈ ಹಂತದಲ್ಲಿ ಹೊಸ ಡಬ್ಲ್ಯೂಎಸ್ ಎಷ್ಟೋ ಸಲ ಗುಣ ಕೊಡುತ್ತದೆ. ನಿಲ್ಲದಿದ್ದರೆ ಎಂಜಿನ್, ಮೌಂಟಿಂಗ್, ಟೈರ್ ನೋಡಿ.

ಆರ್‌ಪಿಎಂ ಏರಿದರೂ ವೇಗ ಏರದೆ, ಅದೂ ಬಿಸಿಯಾದ ಮೇಲೆ ಹೆಚ್ಚಾದರೆ, ಮೊದಲು ಎಣ್ಣೆಯ ಮಟ್ಟ ನೋಡಿ. ಮಟ್ಟ ಸರಿ ಇದ್ದು ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಸವೆದಿದೆ. ಎಣ್ಣೆಗೆ ಹಾಕಿದ ಹಣ ವ್ಯರ್ಥ. ಸ್ಟ್ರಾಬೆರಿ ಹಾಲಿನ ಬಣ್ಣ ಬಂದಿದ್ದರೆ ಕೂಲಂಟ್ ಸೇರಿದೆ, ಗಾಡಿ ಒಂದು ಮಾರೂ ಓಡಿಸಬೇಡಿ. ಸ್ಕ್ಯಾನರ್‌ನಲ್ಲಿ ಪಿ0700 ಎಂಬ ದೋಷದ ಕೋಡ್ ಒಂದೇ ನೋಡಿ ಗೇರ್‌ಬಾಕ್ಸ್ ಇಳಿಸುವ ಮೆಕ್ಯಾನಿಕ್‌ಗೆ ಒಪ್ಪಬೇಡಿ. ಅದು ಬರೀ ಕರೆಗಂಟೆ. ಪಿ0741 (ಲಾಕಪ್ ಕ್ಲಚ್ ದೋಷ) ಥರದ ನಿಜವಾದ ಕೋಡ್ ಅದರ ಹಿಂದೆ ಇರುತ್ತದೆ.

ಬದಲಿಸುವಾಗ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಎಣ್ಣೆ ಇಳಿಸಿದ ಮೇಲೆ ತುಂಬಲು ದಾರಿಯಿಲ್ಲ. ಇಳಿದದ್ದನ್ನು ಅಳತೆ ಡಬ್ಬಿಯಲ್ಲಿ ಹಿಡಿದು ಅಷ್ಟೇ ಹಾಕಿ, ಮೇಲೆ ಅರ್ಧ ಲೀಟರ್ ಕೈಯಲ್ಲಿರಲಿ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನೊಳಗೆ ಹಳೆಯದು ಉಳಿಯುವುದರಿಂದ ಒಂದೇ ಸಲಕ್ಕೆ ಪೂರ್ತಿ ಬದಲಾಗದು; ಕೆಲವು ನೂರು ಕಿಲೋಮೀಟರ್ ಬಿಟ್ಟು ಮತ್ತೊಮ್ಮೆ ಮಾಡಿಸಿದರೆ ಒಳ್ಳೆಯದು. ಪ್ಯಾನಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪು ಮೆತ್ತೆ ಸಹಜ, ಚೂಪಾದ ಲೋಹದ ಚೂರು ಸಹಜವಲ್ಲ. ಮಟ್ಟ ನೋಡಲು ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮತಟ್ಟಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಲಿವರನ್ನು ಪಿ-ಆರ್-ಎನ್-ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತಂದು, ಸ್ಕ್ಯಾನರ್‌ನಲ್ಲಿ ಎಣ್ಣೆ ಸುಮಾರು 40 ಡಿಗ್ರಿ ತೋರಿಸಿದಾಗ ಓವರ್‌ಫ್ಲೋ ಪ್ಲಗ್ ಬಿಚ್ಚಬೇಕು. ಸಣ್ಣ ಧಾರೆ ಬಂದು ಹನಿಯಾಗುತ್ತಿದ್ದಂತೆ ಹೊಸ ವಾಷರ್ ಹಾಕಿ ಮುಚ್ಚಿ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಬೆಳಿಗ್ಗೆ ಬೇಗ ಮಾಡಿ. ಬಿಸಿ ಎಣ್ಣೆ ಹಿಗ್ಗಿರುತ್ತದೆ, ಆಗ ಅಳೆದರೆ ಹೆಚ್ಚು ಹೊರಬಂದು, ತಣಿದ ಮೇಲೆ ಮಟ್ಟ ಕಡಿಮೆ ಬೀಳುತ್ತದೆ.

ಕಂಪನಿ ಏನೇ ಹೇಳಲಿ, ಘಾಟ್ ಹತ್ತುವ ಗಾಡಿಗೆ ಇದು ಜೀವಮಾನದ ಎಣ್ಣೆಯಲ್ಲ. ಏರಿನಲ್ಲಿ ನಿಧಾನ ಹೋಗುವಾಗ ಲಾಕಪ್ ತೆರೆದಿರುತ್ತದೆ, ಕನ್ವರ್ಟರಿನ ಜಾರುವಿಕೆಯೆಲ್ಲ ಶಾಖವಾಗುತ್ತದೆ. 60-80 ಸಾವಿರ ಕಿಲೋಮೀಟರಿಗೆ ಬದಲಿಸುವುದು ಲೇಸು.

ಮಲ್ಟಿ-ವೆಹಿಕಲ್ ಡಬ್ಬಿ ತರುವುದಾದರೆ ಹಿಂದಿನ ಚೀಟಿಯಲ್ಲಿ ಡಬ್ಲ್ಯೂಎಸ್ ಹೆಸರು ಸ್ಪಷ್ಟವಾಗಿರಲಿ. ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ಹ್ಯುಂಡೈ 6-ಸ್ಪೀಡ್‌ಗೆ ಎಸ್‌ಪಿ-4. ಅವುಗಳಿಗೆ ಇದನ್ನು ಹಾಕಬೇಡಿ. ಮಾರುತಿ ಎಜಿಎಸ್ ಹೆಸರಿಗೆ ಆಟೋಮ್ಯಾಟಿಕ್ ಅಷ್ಟೇ, ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸ್. ಅದಕ್ಕೆ ಬೇಕಾದದ್ದು ಗೇರ್ ಆಯಿಲ್.