ಗಾಜಿನ ಜಾಡಿಯೋ, ಇಟ್ಟಿಗೆ ಚೂರೋ? ಹಾವಸೆ ಬೆಳೆಸಿ ನೋಡಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಇಟ್ಟಿಗೆ ಚೂರಿಗೆ. ಮುಚ್ಚಳವಿರುವ ಚೆಂದದ ಗಾಜಿನ ಜಾಡಿ ಕೊಂಡು ಕೈಸುಟ್ಟುಕೊಂಡವನು ನಾನು, ಹಾಗಾಗಿ ಸ್ವಲ್ಪ ಸಿಟ್ಟೂ ಇದೆ.

ಹಾವಸೆ ಅಂದರೆ ಹಳೇ ಗೋಡೆ ಮೇಲೆ ಹಸಿರು ಮಕಮಲ್ಲಿನ ಹಾಗೆ ಹಬ್ಬುತ್ತದಲ್ಲ, ಅದು. ನಾವೆಲ್ಲ ಸುಮ್ನೆ ಪಾಚಿ ಅಂದುಬಿಡುತ್ತೇವೆ. ನೀರಿನ ಲೋಳೆ ಪಾಚಿ ಬೇರೆ, ಇದಕ್ಕೆ ಪುಟ್ಟ ಪುಟ್ಟ ಎಲೆಗಳಿವೆ. ಒಂದೇ ಗೋಡೆಯಿಂದ ಎಬ್ಬಿಸಿದ ಹಾವಸೆಯನ್ನು ಮೂರು ಪಾಲು ಮಾಡಿದೆ. ಒಂದು ಜಾಡಿಗೆ, ಒಂದು ಮಣ್ಣು ತುಂಬಿದ ಟ್ರೇಗೆ, ಇನ್ನೊಂದು ನೀರಿನ ತಟ್ಟೆಯಲ್ಲಿ ಕೂರಿಸಿದ ಇಟ್ಟಿಗೆ ಚೂರಿಗೆ. ಮೂರನ್ನೂ ಒಂದೇ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಟ್ಟೆ.

ಟ್ರೇ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಾವಸೆ ಬದುಕಿತು. ಅದಕ್ಕಿಂತ ಚೆನ್ನಾಗಿ ಕಳೆ ಬದುಕಿತು.

ಜಾಡಿ ಮೊದಲ ವಾರ ನೋಡೋಕೆ ಬಲು ಸೊಗಸು. ಆಮೇಲೆ ಗಾಜಿನ ಒಳಗೆ ಹಬೆ ಕಟ್ಟಿ ಏನೂ ಕಾಣದಾಯಿತು. ಒರೆಸಿದೆ, ಮತ್ತೆ ಕಟ್ಟಿತು. ಮೂರನೇ ವಾರ ಒಂದು ಮೂಲೆಯಲ್ಲಿ ಹತ್ತಿ ಎಳೆಯಂಥ ಬಿಳಿ ಬೂಷ್ಟು. ಹೊಸ ಚಿಗುರು ಬಂದಿತ್ತು ನಿಜ, ಆದರೆ ತೆಳ್ಳಗೆ, ಉದ್ದಕ್ಕೆ, ಬಣ್ಣಗೆಟ್ಟು. ಗಾಳಿ ಬೇಕು ಅಂತ ದಿನಾ ಎರಡು ಸಲ ಮುಚ್ಚಳ ತೆಗೆಯತೊಡಗಿದೆ. ದಿನಾ ತೆಗೆಯುವುದಾದರೆ ಮುಚ್ಚಳ ಯಾಕೆ ಬೇಕಿತ್ತು, ಅಲ್ವಾ?

ಅಷ್ಟಕ್ಕೇ ಮುಗಿಯಲಿಲ್ಲ. ತಿಂಗಳು ಕಳೆದಂತೆ ಸೂರ್ಯ ಒಂದಿಷ್ಟು ಸರಿದಿದ್ದ, ನಾನು ಗಮನಿಸಿರಲಿಲ್ಲ. ಒಂದು ಮಧ್ಯಾಹ್ನ ಬಿಸಿಲು ಸೀದಾ ಜಾಡಿಗೆ ಬಿತ್ತು. ಸಂಜೆ ಮುಟ್ಟಿದರೆ ಗಾಜು ಇನ್ನೂ ಬೆಚ್ಚಗಿತ್ತು, ಒಳಗಿನ ಹಾವಸೆ ಬೆಂದ ಸೊಪ್ಪಿನ ಹಾಗೆ ಕಂದಿತ್ತು. ಪಕ್ಕದಲ್ಲೇ ಇದ್ದ ಇಟ್ಟಿಗೆಗೂ ಅದೇ ಬಿಸಿಲು. ಅಲ್ಲಿನದು ಒಣಗಿತು ಅಷ್ಟೇ, ಸಾಯಲಿಲ್ಲ. ಒಣಗಿದ ಹಾವಸೆ ತಡೆಯುವಷ್ಟು ಬಿಸಿಯನ್ನು ಒದ್ದೆ ಹಾವಸೆ ತಡೆಯುವುದಿಲ್ಲ.

ಹಾವಸೆಗೆ ನಿಜವಾದ ಬೇರಿಲ್ಲ. ಬುಡದ ಕೂದಲಿನಂಥ ಎಳೆಗಳು ಮುಖ್ಯವಾಗಿ ಹಿಡಿದು ಕೂರುವುದಕ್ಕೆ. ನೀರು ಕುಡಿಯುವುದು ಎಲೆ, ಅದೂ ಬಹುತೇಕ ಒಂದೇ ಜೀವಕೋಶದಷ್ಟು ತೆಳು. ಅದಕ್ಕೇ ಗೊಬ್ಬರದ ಮಣ್ಣು ಬೇಡ, ತಟ್ಟೆಯಿಂದ ನೀರು ಹೀರಿ ಸದಾ ತೇವವಾಗಿರುವ ಇಟ್ಟಿಗೆ ಸಾಕು. ಹತ್ತು ದಿನ ಮನೆಯಲ್ಲಿರಲಿಲ್ಲ, ತಟ್ಟೆ ಒಣಗಿತ್ತು. ಎಲೆಗಳು ಕಾಂಡಕ್ಕೆ ಸುತ್ತಿಕೊಂಡು ಕಪ್ಪಗಾಗಿದ್ದವು. ನೀರು ಚಿಮುಕಿಸಿ ಭೂತಗನ್ನಡಿ ಹಿಡಿದು ಕೂತೆ. ನೋಡನೋಡುತ್ತಲೇ ಒಂದೊಂದೇ ಎಲೆ ಮುರಿ ಬಿಚ್ಚಿ ಹೊರಕ್ಕೆ ಚಾಚಿತು. ಐದಾರು ನಿಮಿಷದಲ್ಲಿ ಮತ್ತೆ ಹಸಿರು!

ಇಟ್ಟಿಗೆಗೂ ಒಂದು ತಕರಾರಿದೆ, ಮುಚ್ಚಿಡಲ್ಲ. ನಮ್ಮ ನಲ್ಲಿ ನೀರು ಗಡಸು. ನೀರು ಆರಿಹೋಗಿ ಸುಣ್ಣದಂಶ ಮೇಲೆ ಉಳಿಯುತ್ತದೆ. ತಿಂಗಳಾಗುವಷ್ಟರಲ್ಲಿ ಬಿಳಿ ಪೊರೆ ಕಟ್ಟಿ ಎಲೆ ತುದಿ ಕಂದತೊಡಗಿತು. ಇಟ್ಟಿಗೆ ಎರಡು ಹೋಳು ಮಾಡಿ, ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಮಳೆ ನೀರು ಹಾಕಿ ನೋಡಿದೆ. ಮಳೆ ನೀರಿನದು ಹಸಿರಾಗೇ ಉಳಿಯಿತು. ಈಗ ಬಕೆಟ್ಟಿನಲ್ಲಿ ಮಳೆ ನೀರು ಹಿಡಿದಿಡುತ್ತೇನೆ.

ಹಾವಸೆ ಹಬ್ಬಲಿ ಅಂತ ಅದಕ್ಕೆ ಮಜ್ಜಿಗೆ ಬೆರೆಸಿ ಹಚ್ಚಿ ಅಂತಾರಲ್ಲ, ಅದನ್ನೂ ಮಾಡಿದೆ. ನಾತ, ಬೂಷ್ಟು.

ದಿನಾ ಒರೆಸಿ, ಮುಚ್ಚಳ ತೆಗೆದು, ಜಾಗ ಬದಲಿಸುವಷ್ಟು ಶಿಸ್ತಿದ್ದರೆ ಜಾಡಿ ಕೊಳ್ಳಿ. ನಾನು ನೀರು ಹಾಕೋಕೆ ಮರೆಯುವವನು, ಖರ್ಚಿಗೂ ಹಿಂದೆಮುಂದೆ ನೋಡುವವನು. ನನ್ನ ಇಟ್ಟಿಗೆಯಲ್ಲಿ ಈಗ ಕೆಂಪು ದಾರದಂಥ ಕಡ್ಡಿಗಳು ಎದ್ದಿವೆ, ತುದಿಯಲ್ಲಿ ಬೀಜಕಣದ ಪುಟ್ಟ ಗಿಂಡಿ. ಜಾಡಿಯಲ್ಲಿ ಪೆನ್ನು ಇಟ್ಟಿದ್ದೇನೆ.