ಮೂರು ಲೇಸರ್ ಕನ್ನಡಕ, ಕೈಗೆ ಬರುವುದು ಒಂದೇ

ಲೋಹದ ಮೇಲೆ ಹೆಸರು ಕೆತ್ತುವ ಫೈಬರ್ ಲೇಸರ್ ನನ್ನದು. ತರಂಗಾಂತರ 1064 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಶಕ್ತಿ 20 ವಾಟ್. ಇದಕ್ಕೆ ಮೂರು ಕನ್ನಡಕ ಹಾಕಿ ನೋಡಿದ್ದೇನೆ. ಈಗ ದಿನಾ ಹಾಕುವುದು ಮೂರನೆಯದು, ಪವರ್ ಕನ್ನಡಕದ ಮೇಲೇ ಕೂರುವ ಪಾಲಿಕಾರ್ಬೊನೇಟಿನದು.

ಮೊದಲನೆಯದು ಮೆಷಿನ್ ಜೊತೆ ಪುಕ್ಕಟೆ ಬಂದ ಕಡು ಹಸಿರು ಪ್ಲಾಸ್ಟಿಕ್. ಟಿವಿ ರಿಮೋಟಿನದೂ ಇನ್‌ಫ್ರಾರೆಡ್ ಬೆಳಕೇ, ಅದಕ್ಕೆ ಕನ್ನಡಕ ಅಡ್ಡ ಹಿಡಿದು ರಿಮೋಟನ್ನು ಫೋನ್ ಕ್ಯಾಮೆರಾಗೆ ತೋರಿಸಿದೆ. ರಿಮೋಟ್ ತುದಿಯ ನೇರಳೆ ಚುಕ್ಕಿ ಸ್ವಲ್ಪವೂ ಮಂಕಾಗಲಿಲ್ಲ. ಫ್ರೇಮ್ ಮೇಲೆ ತರಂಗಾಂತರ ಇಲ್ಲ, ಬೆಳಕನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಓಡಿ (ಆಪ್ಟಿಕಲ್ ಡೆನ್ಸಿಟಿ) ಸಂಖ್ಯೆಯೂ ಇಲ್ಲ. ಇಂಥದ್ದು ಇಲ್ಲದಿರುವುದೇ ವಾಸಿ. ಕತ್ತಲೆ ಅಂತ ಪಾಪೆ ಅಗಲವಾಗುತ್ತದೆ, ಕಾಣದ ಬೆಳಕು ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ.

ಎರಡನೆಯದು ಗಾಜಿನ ಗಾಗಲ್. 1064ಕ್ಕೆ ಓಡಿ 7. ರಕ್ಷಣೆ ಬಗ್ಗೆ ಮಾತೇ ಇಲ್ಲ. ಆದರೆ ಮುಖಕ್ಕೆ ಅಂಟಿಕೊಂಡು ಕೂರುತ್ತದೆ, ಹತ್ತು ನಿಮಿಷಕ್ಕೆ ಒಳಗೆಲ್ಲ ಹಬೆ. ಎತ್ತಿ ಒರೆಸು, ಮತ್ತೆ ಹಾಕು, ಮತ್ತೆ ಹಬೆ. ಒಂದು ದಿನ ಕೆತ್ತನೆ ನಡೀತಿರುವಾಗಲೇ, ಮೆಷಿನ್ ಮುಚ್ಚಳ ತೆರೆದಿರುವಾಗಲೇ, ಗಾಗಲ್ ಎತ್ತಿಬಿಟ್ಟೆ. ಸ್ಟೀಲ್ ಮೇಲೆ ಕಿಡಿ ಕಂಡಿತು, ಕಿರಣ ಕಾಣಲಿಲ್ಲ. ಕಣ್ಣಿಗೆ ಏನೂ ಅನ್ನಿಸಲಿಲ್ಲ.

ಆ ಏನೂ ಅನ್ನಿಸದಿರುವುದೇ ನನಗೆ ಭಯ. ಕಾಣುವ ಬೆಳಕಾದರೆ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚುತ್ತದೆ. ಇದಕ್ಕೆ ಮುಚ್ಚುವುದಿಲ್ಲ. ಕಣ್ಣಿನ ಮಸೂರ ಮಾತ್ರ ಕಾಣುವ ಬೆಳಕಿನ ಹಾಗೇ ಇದನ್ನೂ ರೆಟಿನಾದ ಒಂದು ಚುಕ್ಕಿಗೆ ಕೂಡಿಸುತ್ತದೆ, ಸುಮಾರು ಲಕ್ಷ ಪಟ್ಟು ತೀವ್ರವಾಗಿ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಓದುವಾಗ ನಟ್ಟನಡುವಿನ ಅಕ್ಷರವೇ ಮಾಯವಾದಾಗ ತಿಳಿಯುತ್ತದೆ ಅಷ್ಟೆ. ಸುಟ್ಟ ಕೋಶ ಮತ್ತೆ ಬೆಳೆಯುವುದಿಲ್ಲ. ಹೊಳೆಯುವ ಸ್ಟೀಲಿನಿಂದ ಪುಟಿದು ಬಂದ ಕಿರಣವೇ ಇದಕ್ಕೆಲ್ಲ ಸಾಕು. ಮರುದಿನವೇ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಪುಣ್ಯಕ್ಕೆ ಗಾಯ ಇರಲಿಲ್ಲ.

ಮೂರನೆಯದರ ಮೇಲೆ 900ರಿಂದ 1100, ಓಡಿ 6 ಅಂತ ಅಚ್ಚಾಗಿದೆ. ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. ಪಕ್ಕದಲ್ಲಿ ಗಾಳಿಕಿಂಡಿ ಇದೆ, ಬೆಳಕು ನೇರ ನುಗ್ಗದ ಹಾಗೆ ಮರೆಯೂ ಇದೆ. ಎರಡು ಗಂಟೆ ಹಾಕಿದ್ದರೂ ಎತ್ತಬೇಕು ಅನಿಸುವುದಿಲ್ಲ. ಬೇಗ ಗೀರು ಬೀಳುತ್ತದೆ. ಬೆಲೆ ಗಾಜಿನದಕ್ಕಿಂತ ಕಡಿಮೆ, ನನ್ನ ಕೈಗೆಟುಕಿತು.

ನೇರ ಕಿರಣ ಬಿದ್ದರೆ ಜಾಸ್ತಿ ಹೊತ್ತು ತಡೆಯುವುದು ಗಾಜೇ. ಹಾಗಾಗಿ ಅದನ್ನು ಮಾರಿಲ್ಲ. ಮುಚ್ಚಳ ಬಿಚ್ಚಿ ಕಿರಣ ಸರಿಹೊಂದಿಸುವ ದಿನ ಅದನ್ನೇ ಹಾಕುತ್ತೇನೆ, ಹಬೆ ಕಟ್ಟಿದರೆ ಮೊದಲು ಮೆಷಿನ್ ಆಫ್. ಪುಕ್ಕಟೆಯದನ್ನು ಎರಡು ತುಂಡು ಮಾಡಿ ಎಸೆದೆ, ಬೇರೆ ಯಾರೂ ಎತ್ತಿ ಹಾಕಿಕೊಳ್ಳಬಾರದು ಅಂತ.