ತೂಕಕ್ಕೆ ಕೊಂಡ ಅಲ್ಯೂಮಿನಿಯಂ ಟ್ರೇ: ಆರು ವರ್ಷ ಬಳಸಿದ ಮೇಲಿನ ಅಭಿಪ್ರಾಯ

ಮನೆಯಲ್ಲಿರುವ 28 ಲೀಟರಿನ ಓಟಿಜಿಯಲ್ಲಿ (ಮೇಜಿನ ಮೇಲಿಡುವ ವಿದ್ಯುತ್ ಓವನ್) ವಾರಕ್ಕೆ ಎರಡು ಬಾರಿಯಾದರೂ ಖಾರಾ ಬಿಸ್ಕತ್ತನ್ನೋ ಬನ್ನನ್ನೋ ಬೇಯಿಸುವ, ಇಲ್ಲವೇ ತರಕಾರಿ ಹುರಿಯುವ ರೂಢಿ ನನ್ನದು. ಆರಂಭದಲ್ಲಿ ಪೆಟ್ಟಿಗೆಯಲ್ಲಿ ಬರುವ ಕಪ್ಪು ನಾನ್‌ಸ್ಟಿಕ್ ಸೆಟ್ಟೊಂದನ್ನು ಕೊಂಡಿದ್ದೆ. ಒಂದು ದಿನ 220 ಡಿಗ್ರಿಯಲ್ಲಿ ಹೂಕೋಸು ಇಟ್ಟು ಹತ್ತು ನಿಮಿಷ ಕಳೆಯುವಷ್ಟರಲ್ಲಿ ಒಳಗಿನಿಂದ ಟಣ್ ಎಂಬ ಸದ್ದು ಕೇಳಿಸಿತು. ಬಾಗಿಲು ತೆರೆದು ನೋಡಿದರೆ ಟ್ರೇಯ ಒಂದು ಮೂಲೆ ಬೆರಳಗಲ ಮೇಲೆದ್ದಿತ್ತು. ಎಣ್ಣೆಯೆಲ್ಲ ಎದುರು ಮೂಲೆಗೆ ಹರಿದು, ಅಲ್ಲಿದ್ದ ಹೂಕೋಸು ಕರಿದಂತಾಗಿ ಉಳಿದದ್ದು ಒಣಗಿ ನಿಂತಿತ್ತು. ಎರಡನೆಯ ವರ್ಷಕ್ಕೆ ಅದರ ಲೇಪನ ಮೂಲೆಗಳಲ್ಲಿ ಎದ್ದು, ಅಡಿಯಲ್ಲಿ ತುಕ್ಕು ಕಾಣಿಸಿಕೊಂಡಿತು.

ಟ್ರೇ ಹೀಗೆ ಸೊಟ್ಟಗಾಗುವುದಕ್ಕೆ ಕಾರಣ ತಗಡು ತೆಳ್ಳಗಿರುವುದು. ತಣ್ಣನೆಯ, ನೀರಿನಂಶವುಳ್ಳ ತರಕಾರಿ ಕೂತ ಜಾಗ ತಂಪಾಗಿಯೇ ಉಳಿದು, ಖಾಲಿ ಬಿಟ್ಟ ಅಂಚು ಬೇಗ ಕಾಯುತ್ತದೆ. ಕಾದ ಭಾಗ ಹಿಗ್ಗಲು ಹೋದಾಗ ತಂಪು ಭಾಗ ಅದನ್ನು ತಡೆಯುವುದರಿಂದ ತಗಡು ತಿರುಚಿಕೊಳ್ಳುತ್ತದೆ. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆಯಾದರೂ, ಬಿಸಿಯನ್ನು ಹಲವು ಪಟ್ಟು ವೇಗವಾಗಿ ಹರಡುವುದರಿಂದ ಒಂದು ಮೂಲೆಗೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲು ಬಿಡುವುದಿಲ್ಲ. ಬೇಕರಿಗಳಲ್ಲಿ ಲೇಪನವಿಲ್ಲದ ಅಲ್ಯೂಮಿನಿಯಂ ಟ್ರೇಗಳು ಅಷ್ಟೊಂದು ಕಾಣುವುದರ ಹಿಂದಿನ ಗುಟ್ಟು ನನಗೆ ಆಗ ತಿಳಿಯಿತು.

ಆದ್ದರಿಂದ ಎರಡನೆಯ ಬಾರಿ ಚಿಕ್ಕಪೇಟೆಯ ಪಾತ್ರೆ ಅಂಗಡಿಯೊಂದಕ್ಕೆ ಹೋದೆ. ಅಲ್ಲಿ ಟ್ರೇಯನ್ನು ತಕ್ಕಡಿಗಿಟ್ಟು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಅಂಗಡಿಯವರು ಒಂದೇ ಅಳತೆಯ ಎರಡು ಟ್ರೇಗಳನ್ನು ನನ್ನ ಎರಡು ಕೈಗೂ ಕೊಟ್ಟು, "ಅಮ್ಮಾ, ಇದು ಬೇಕರಿಗೆ ಹೋಗುವ ಮಾಲು, ತಟ್ಟಿ ನೋಡಿ" ಎಂದರು. ಹಗುರವಾದದ್ದು ಬೆರಳು ತಾಗಿದ ಕೂಡಲೇ ನಡುಗಿತು. ಭಾರದ್ದು ಮಂದವಾಗಿ ಸದ್ದು ಮಾಡಿ ಸುಮ್ಮನಾಯಿತು. 12 ಇಂಚು ಉದ್ದ, 10 ಇಂಚು ಅಗಲ, ಒಂದು ಇಂಚು ಎತ್ತರದ ಅಲ್ಯೂಮಿನಿಯಂ ಟ್ರೇಯ ತಗಡು ಒಂದು ಮಿಲಿಮೀಟರ್ ದಪ್ಪವಿದ್ದರೆ ತೂಕ ಸುಮಾರು 280 ಗ್ರಾಂ ಬರಬೇಕು, ಅರ್ಧ ಮಿಲಿಮೀಟರಿನದಾದರೆ ಅದರ ಅರ್ಧ. ಆದರೆ ತೂಕವನ್ನು ಒಂದೇ ಲೋಹದ ಟ್ರೇಗಳ ನಡುವೆ ಮಾತ್ರ ಹೋಲಿಸಬೇಕು, 0.4 ಮಿಲಿಮೀಟರಿನ ತೆಳು ಉಕ್ಕಿನ ಟ್ರೇಯೂ 300 ಗ್ರಾಂ ದಾಟಿ, ಕೈಗೆ ಗಟ್ಟಿ ಎಂಬ ಭ್ರಮೆ ಹುಟ್ಟಿಸುತ್ತದೆ. ಅನುಮಾನವಿದ್ದರೆ ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಒಂದನ್ನು ಜೊತೆಗೆ ಒಯ್ಯಿರಿ, ಅಲ್ಯೂಮಿನಿಯಂಗೆ ಅದು ಅಂಟುವುದಿಲ್ಲ.

ತಂತಿಯ ಮೇಲೆ ಸುತ್ತಿದ ಅಂಚಿರುವ ಟ್ರೇಯನ್ನೇ ಆರಿಸಿದೆ. ಎದುರುಬದುರು ಮೂಲೆಗಳನ್ನು ಹಿಡಿದು ತಿರುಚಿದರೆ ಅಂಚಿನ ಬಲ ಅಂಗಡಿಯಲ್ಲೇ ಗೊತ್ತಾಗುತ್ತದೆ. ಸುತ್ತಿದ ಅಂಚಿನೊಳಗೆ ನೀರು ನಿಂತರೆ ತಂತಿ ತುಕ್ಕು ಹಿಡಿಯುವುದರಿಂದ, ತೊಳೆದ ಮೇಲೆ ಟ್ರೇಯನ್ನು ಇನ್ನೂ ಬೆಚ್ಚಗಿರುವ ಓವನ್ನಿನಲ್ಲಿ ಕವುಚಿಡುತ್ತೇನೆ. ಆರು ವರ್ಷದ ನಂತರವೂ ಅಡುಗೆಮನೆಯ ಕಲ್ಲಿನ ಮೇಲಿಟ್ಟು ಯಾವ ಮೂಲೆಯನ್ನು ಒತ್ತಿದರೂ ಅದು ಅಲುಗುವುದಿಲ್ಲ.

ಕೊರತೆಗಳೂ ಇವೆ. ಹೊಳೆಯುವ ಟ್ರೇಯಲ್ಲಿ ಬಿಸ್ಕತ್ತಿನ ತಳ ಕಪ್ಪು ಟ್ರೇಯಲ್ಲಾದಷ್ಟು ಬೇಗ ಕೆಂಪಾಗದು, ಮೂರು ನಾಲ್ಕು ನಿಮಿಷ ಹೆಚ್ಚು ಬೇಕು. ವಾಷಿಂಗ್ ಸೋಡಾ ಹಾಕಿ ತೊಳೆಯುವಂತಿಲ್ಲ. ಹುಳಿಯಂತೂ ಇದಕ್ಕೆ ಆಗಿಬರುವುದಿಲ್ಲ: ಮೊಸರು, ನಿಂಬೆರಸ ಹಚ್ಚಿದ ಪನೀರನ್ನು ಒಮ್ಮೆ ರಾತ್ರಿಯಿಡೀ ಇದರಲ್ಲೇ ಬಿಟ್ಟಿದ್ದಕ್ಕೆ ತಳದಲ್ಲಿ ಬೂದು ಕಲೆಗಳೆದ್ದವು, ಪನೀರಿಗೆ ಲೋಹದ ರುಚಿ ಬಂತು.

ಹುಳಿ, ಮಸಾಲೆ, ರಸವಿರುವ ಅಡುಗೆಗೆ ಸ್ಟೇನ್‌ಲೆಸ್ ಸ್ಟೀಲ್ ಬೇಕು. ರೋಸ್ಟಿಂಗ್ ಟಿನ್ ಎಂಬ ಹೆಸರಿನಲ್ಲಿ ಹುಡುಕಿದರೆ ಬೆಲೆ ಏರುತ್ತದೆ. ಹೋಟೆಲ್ ಸಾಮಾನಿನ ಅಂಗಡಿಯಲ್ಲಿ ಬಫೆಗೆ ಬಳಸುವ ಜಿಎನ್ ಪ್ಯಾನ್, ಅಂದರೆ ನಿಗದಿತ ಅಳತೆಗಳಲ್ಲಿ ಬರುವ ಸ್ಟೀಲ್ ಪಾತ್ರೆ, ಕೇಳಿ. ಅದರ ಅರ್ಧ ಅಳತೆಯದು 325 ಮಿಲಿಮೀಟರ್ ಉದ್ದ, 265 ಮಿಲಿಮೀಟರ್ ಅಗಲವಿದ್ದು, 65 ಮಿಲಿಮೀಟರ್ ಆಳದ್ದು ಕೋಳಿಗೂ ಬದನೆಕಾಯಿಗೂ ಸಾಕಾಗುತ್ತದೆ. ಕೊಳ್ಳುವ ಮೊದಲು ಓವನ್ನಿನ ಒಳಗನ್ನು ಟೇಪಿನಿಂದ ಅಳೆಯಿರಿ, ಏಕೆಂದರೆ ಸುತ್ತಲೂ ಗಾಳಿಯಾಡಲು ಜಾಗ ಉಳಿಯದಿದ್ದರೆ ತಳ ಸೀದು ಮೇಲ್ಭಾಗ ಹಸಿಯಾಗಿಯೇ ಇರುತ್ತದೆ. ಚಿಕ್ಕ ಓಟಿಜಿಗಳಿಗೆ ಈ ಅಳತೆ ಹಿಡಿಸುವುದಿಲ್ಲ.

ಕಪ್ಪು ಸೆಟ್ಟಿನ ಟ್ರೇ ಗುಜರಿಗೆ ಹೋಯಿತು. ಅದರ ಜೊತೆ ಬಂದ ಕೇಕ್ ಟಿನ್ ಮಾತ್ರ ಇಂದಿಗೂ ಚೆನ್ನಾಗಿದೆ. ಅದು 180 ಡಿಗ್ರಿ ದಾಟಿದ್ದಿಲ್ಲ, ಅದರೊಳಗೆ ಚಾಕು ಆಡಿಸಿದ್ದೂ ಇಲ್ಲ.